ಬರಲಿರುವ ಗಾಡಿ, ಹರಿಯುತ್ತಿರುವ ನೀರು

(ಧುಪದಾಳದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನದಿ, ಕಾಡು, ಹಕ್ಕಿಗಳ ಬಗೆಗೆ ಮಾತನಾಡುವ ಸಭೆಯಲ್ಲಿ ಮೋಟಾರು ಗಾಡಿಯ ಪ್ರಸ್ತಾಪವೇಕೆ ಎಂದು ಕೆಲವರಿಗಾದರೂ ಅನಿಸಬಹುದು. ಕಾರಣ ಸರಳವಾಗಿದೆ. ಧುಪದಾಳದ ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶಗಳಿಂದ ಕೊಕ್ಕರೆಗಳು ಬರುತ್ತವೆ. ಅವುಗಳಿಗಾಗಿಯೇ 1974ರಲ್ಲಿ ಇಲ್ಲಿ ಸುಮಾರು 30 ಚದರ ಕಿಲೋಮೀಟರಿನ ಘಟಪ್ರಭಾ ಪಕ್ಷಿಧಾಮ ಘೋಷಣೆಯಾಯಿತು. ಈ ವರ್ಷ ಯಾವ ಹಕ್ಕಿ ಮೊದಲು ಬಂತು, ಯಾವುದು ತಡವಾಯಿತು, ಯಾವುದು ಬರಲೇ ಇಲ್ಲ ಎಂದು ಕಾದು ನೋಡುವವರು ಊರೂರಿನಲ್ಲಿ ಒಬ್ಬಿಬ್ಬರು ಸಿಗುತ್ತಾರೆ. ಆದರೆ ಯಾವ ಕಂಪನಿಯ ಯಾವ ಹೊಸ ಗಾಡಿ ಬರಲಿದೆ, ಯಾವ ಹಳೆಯ ಗಾಡಿ ನಿಲ್ಲಲಿದೆ ಎಂದು ಕಾಯುವ ತರುಣರು ಓಣಿಗೆ ಹತ್ತು ಮಂದಿ ಇದ್ದಾರೆ. ಇವರ ಕಾಯುವಿಕೆಯೂ ಒಂದು ಬಗೆಯ ಅಧ್ಯಯನವೇ. ಅದನ್ನು ಹಗುರವಾಗಿ ತಳ್ಳಿಹಾಕುವ ಬದಲು ಅದರೊಳಗೆ ಏನಿದೆ, ಅದು ಈ ನದಿಯವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ವಿಚಾರಿಸುವುದು ಇಂದಿನ ಉದ್ದೇಶ.

ಕಾಯುವವರು ಯಾರು?

ಹೊಸ ಮಾದರಿಗಾಗಿ ಕಾಯುವವರಲ್ಲಿ ಮೂರು ಬಗೆ. ಮೊದಲನೆಯವರು ಅಭಿಮಾನಿಗಳು. ಇವರಲ್ಲಿ ಹೆಚ್ಚಿನವರ ಬಳಿ ಕಾರಿಲ್ಲ. ಕೊಳ್ಳುವ ಹಣವೂ ಇಲ್ಲ. ಆದರೂ ಎಂಜಿನ್ನಿನ ಗಾತ್ರ, ಗೇರುಗಳ ಸಂಖ್ಯೆ, ಚಕ್ರದ ಅಳತೆ ಎಲ್ಲವೂ ಬಾಯಿಪಾಠ. ಎರಡನೆಯವರು ಹಳದಿ ಬೋರ್ಡಿನ ಗಾಡಿಯಿಂದಲೇ ಹೊಟ್ಟೆ ಹೊರೆಯುವವರು. ಮದುವೆ, ಜಾತ್ರೆ, ಆಸ್ಪತ್ರೆ, ಸವದತ್ತಿ ಯಲ್ಲಮ್ಮನ ದರ್ಶನ, ಪಂಢರಪುರದ ಯಾತ್ರೆ ಎಂದು ವರ್ಷವಿಡೀ ಓಡುವ ಇವರಿಗೆ ಕಂಪನಿಯ ಒಂದು ನಿರ್ಧಾರವೆಂದರೆ ಐದು ವರ್ಷಗಳ ಕಂತಿನ ಪ್ರಶ್ನೆ. ಮೂರನೆಯವರು ಕಬ್ಬಿನ ಬಿಲ್ಲು ಬಂದ ವರ್ಷ, ಇಲ್ಲವೇ ಮಗನಿಗೆ ನೌಕರಿ ಸಿಕ್ಕ ವರ್ಷ ಒಂದು ಗಾಡಿ ತೆಗೆದುಕೊಳ್ಳಬೇಕೆಂದು ಯೋಚಿಸುವ ಕುಟುಂಬದವರು.

ಮೊದಲನೆಯವರಿಗೆ ಇದು ಸಂತೋಷದ ವಿಷಯ, ಎರಡನೆಯವರಿಗೆ ಅನ್ನದ ವಿಷಯ, ಮೂರನೆಯವರಿಗೆ ಜೀವಮಾನದಲ್ಲಿ ಒಮ್ಮೆ ಮಾಡುವ ಖರ್ಚಿನ ವಿಷಯ. ವಿಚಿತ್ರವೆಂದರೆ ಎರಡನೆಯವರೂ ಮೂರನೆಯವರೂ ಸಲಹೆ ಕೇಳುವುದು ಮೊದಲನೆಯವರನ್ನೇ. ‘ಈಗಲೇ ತಗೊಳ್ಳಲೋ, ದೀಪಾವಳಿಗೆ ಹೊಸದು ಬರುವ ತನಕ ತಡೆಯಲೋ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಇಪ್ಪತ್ತು ವರ್ಷದ ಹುಡುಗನ ಮೇಲೆ ಬೀಳುತ್ತದೆ. ಆದ್ದರಿಂದ ಅವನ ತಿಳಿವಳಿಕೆ ಗಟ್ಟಿಯಾಗಿರಬೇಕಾದ ಅಗತ್ಯವಿದೆ.

ಕಂಪನಿಗಳು ತಮ್ಮ ಮುಂದಿನ ಗಾಡಿಯ ಗುಟ್ಟನ್ನು ಬಹಳ ಬಿಗಿಯಾಗಿ ಕಾಪಾಡುತ್ತವೆ. ಹೊಸದು ಬರುತ್ತದೆಂದು ತಿಳಿದರೆ ಹಳೆಯದನ್ನು ಕೊಳ್ಳುವವರು ಕೈತಡೆಯುತ್ತಾರೆ. ಶೋರೂಮಿನಲ್ಲಿ ನಿಂತ ಸರಕು ಹಾಗೆಯೇ ಉಳಿಯುತ್ತದೆ. ಆದರೂ ಗುಟ್ಟು ಪೂರ್ತಿ ಉಳಿಯುವುದಿಲ್ಲ. ಪರೀಕ್ಷೆಗೆ ರಸ್ತೆಗಿಳಿದ ಗಾಡಿಗೆ ಕಪ್ಪುಬಿಳುಪಿನ ಚಿತ್ತಾರದ ಹೊದಿಕೆ ಅಂಟಿಸಿರುತ್ತಾರೆ. ಅದರ ಚಿತ್ರವನ್ನು ಯಾರೋ ತೆಗೆಯುತ್ತಾರೆ. ಹೆಸರಿನ ನೋಂದಣಿ, ವಿನ್ಯಾಸದ ಹಕ್ಕಿಗೆ ಸಲ್ಲಿಸಿದ ಚಿತ್ರ, ಬೇರೆ ದೇಶದಲ್ಲಿ ಮೊದಲೇ ಮಾರಾಟವಾದ ಅದೇ ಗಾಡಿ, ಇವೆಲ್ಲ ಸುಳಿವುಗಳು. ಅಭಿಮಾನಿಗಳು ಇವನ್ನು ಜೋಡಿಸಿ ಊಹೆ ಕಟ್ಟುತ್ತಾರೆ. ಊಹೆ ಎಷ್ಟು ಸಲ ನಿಜವಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ನೋಡಲು ಈ ಜಿಲ್ಲೆಯ ಮಣ್ಣಿಗೇ ನಂಟುಳ್ಳ ಒಂದು ಕಂಪನಿಯ ಕಥೆಯನ್ನು ತೆಗೆದುಕೊಳ್ಳಬಹುದು.

ನೇಗಿಲಿನಿಂದ ಬಿಡದಿಯವರೆಗೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. 1888ರಲ್ಲಿ ಬೆಳಗಾವಿ ಪಟ್ಟಣದಲ್ಲಿ ಸಹೋದರರು ಕೂಡಿ ಸೈಕಲ್ ಅಂಗಡಿ ತೆರೆದರು. ಇಂದಿಗೂ ಆ ನಗರದಲ್ಲಿ ಕಿರ್ಲೋಸ್ಕರ್ ರಸ್ತೆ ಇದೆ. ಅಂಗಡಿಯಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ 1903ರಲ್ಲಿ ಕಬ್ಬಿಣದ ನೇಗಿಲಿಗೆ ಬಂದರು. ಆ ನೇಗಿಲನ್ನು ರೈತರು ಕೂಡಲೇ ಒಪ್ಪಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ನಂಬಿಕೆ ಇತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಆ ಮನೆತನದ ಚರಿತ್ರೆ ಹೇಳುತ್ತದೆ. ಮುಂದೆ ಪುರಸಭೆಯು ಜಾಗ ತೆರವು ಮಾಡಲು ಹೇಳಿದಾಗ ಔಂಧ್ ಸಂಸ್ಥಾನದ ಅರಸರು ನೆಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರ್‌ವಾಡಿ ಹುಟ್ಟಿತು.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಅಂದಿನ ರೈತ ಕಣ್ಣೆದುರಿಗಿದ್ದ ನೇಗಿಲನ್ನೇ ಎರಡು ವರ್ಷ ಪರೀಕ್ಷಿಸಿದ. ಅವನ ಭಯ ತಪ್ಪಾಗಿತ್ತು. ಆದರೆ ಅವನು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ‘ಇದು ನೆಲಕ್ಕೆ ಏನು ಮಾಡುತ್ತದೆ?’ ಎಂಬುದೇ ಆ ಪ್ರಶ್ನೆ. ಇಂದು ಕಣ್ಣಿಗೆ ಕಾಣದ ಗಾಡಿಗೆ ಮುಂಗಡ ಕಟ್ಟಿ ತಿಂಗಳುಗಟ್ಟಲೆ ಕಾಯುವ ಕಾಲ. ಆ ಹಳೆಯ ಪ್ರಶ್ನೆ ಮಾತ್ರ ಕೇಳಿಸುವುದು ಕಡಿಮೆಯಾಗಿದೆ.

ಅದೇ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಅವರು ಜಪಾನಿನ ಟೊಯೋಟಾ ಕಂಪನಿಯೊಂದಿಗೆ ಕೈಜೋಡಿಸಿದಾಗ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. ಅದರಲ್ಲಿ ಬಹುಪಾಲು ಬಂಡವಾಳ ಟೊಯೋಟಾದ್ದೇ. ಅಲ್ಲಿಂದ 2000ದ ಜನವರಿಯಲ್ಲಿ ಹೊರಬಂದ ಮೊದಲ ಗಾಡಿ ಕ್ವಾಲಿಸ್.

ಕ್ವಾಲಿಸ್ ಕಲಿಸಿದ ಪಾಠ

ಕ್ವಾಲಿಸ್ ಹೊಸ ವಿನ್ಯಾಸವೇನೂ ಆಗಿರಲಿಲ್ಲ. ಇಂಡೋನೇಷ್ಯಾದಲ್ಲಿ ಆಗಲೇ ಹಳತಾಗಿದ್ದ ಕಿಜಾಂಗ್ ಎಂಬ ಗಾಡಿಯ ರೂಪಾಂತರವದು. ಆ ಭಾಷೆಯಲ್ಲಿ ಕಿಜಾಂಗ್ ಎಂದರೆ ಜಿಂಕೆ. ಹಳತೆಂದು ಮೂಗು ಮುರಿದ ಪಂಡಿತರ ಲೆಕ್ಕ ತಪ್ಪಿತು. ಹತ್ತು ಜನ ಕೂಡಬಹುದಾದ, ಕೆಟ್ಟ ರಸ್ತೆಯನ್ನು ತಾಳಿಕೊಳ್ಳುವ, ಕೈಕೊಡದ ಡೀಸೆಲ್ ಗಾಡಿ ಬೇಕಾಗಿದ್ದುದು ಬಾಡಿಗೆ ಚಾಲಕರಿಗೆ. ಘಟ್ಟದ ಊರುಗಳಿಂದ ಬೆಂಗಳೂರಿನ ಕಚೇರಿಗಳವರೆಗೆ ಅದು ಹಬ್ಬಿತು.

2005ರ ಆರಂಭದಲ್ಲಿ, ಬೇಡಿಕೆ ಚೆನ್ನಾಗಿರುವಾಗಲೇ, ಕಂಪನಿ ಕ್ವಾಲಿಸ್ ತಯಾರಿಕೆಯನ್ನು ನಿಲ್ಲಿಸಿ ಅದರ ಜಾಗದಲ್ಲಿ ಇನ್ನೋವಾವನ್ನು ತಂದಿತು. ಓಡುವ ಕುದುರೆಯನ್ನು ಕೊಟ್ಟಿಗೆಗೆ ಕಟ್ಟಿದಂತೆ ಎಂದು ಆಗ ಅನೇಕರಿಗೆ ಅನಿಸಿತು. ಇನ್ನೋವಾದ ಬೆಲೆ ಹೆಚ್ಚು. ಅಷ್ಟು ಹಣ ಹೊಂದಿಸಲಾಗದ ಚಾಲಕರು ಷೆವರ್ಲೆ ಟವೇರಾದತ್ತ ತಿರುಗಿದರು. ಆ ಕಂಪನಿ 2017ರಲ್ಲಿ ಭಾರತದ ಮಾರುಕಟ್ಟೆಯಿಂದಲೇ ಹೊರನಡೆಯಿತು. ಇತ್ತ ಇನ್ನೋವಾ ಹತ್ತು ವರ್ಷಗಳಲ್ಲಿ ತನ್ನ ಹೆಸರನ್ನೇ ಒಂದು ಅಳತೆಗೋಲಾಗಿಸಿಕೊಂಡಿತು. ಬಾಡಿಗೆ ಕೇಳುವವರು ‘ದೊಡ್ಡ ಗಾಡಿ’ ಎನ್ನುವ ಬದಲು ‘ಇನ್ನೋವಾ’ ಎನ್ನುವಷ್ಟು.

ಇದರಿಂದ ಚಾಲಕ ಕಲಿಯಬೇಕಾದುದು ಎರಡು. ಗಾಡಿ ಚೆನ್ನಾಗಿ ಮಾರಾಟವಾಗುತ್ತಿದೆ ಎಂದ ಮಾತ್ರಕ್ಕೆ ಅದು ಉಳಿಯುತ್ತದೆಂಬ ಭರವಸೆ ಇಲ್ಲ. ಗಾಡಿ ಕೊಳ್ಳುವಾಗ ಆ ಗಾಡಿಯಷ್ಟೇ ಅಲ್ಲ, ಅದರ ಹಿಂದೆ ಹದಿನೈದು ವರ್ಷ ಬಿಡಿಭಾಗ ಒದಗಿಸುವ ವ್ಯವಸ್ಥೆಯನ್ನೂ ಕೊಳ್ಳಬೇಕಾಗುತ್ತದೆ.

ಡೀಸೆಲ್ ನಿಂತಿತೇ, ಬಂದಿತೇ?

2016ರ ಮೇ ತಿಂಗಳಲ್ಲಿ ಇನ್ನೋವಾ ಕ್ರಿಸ್ಟಾ ಬಂದಿತು. ಅದು ಬರುವ ಹೊತ್ತಿಗೆ ದೆಹಲಿ ಪ್ರದೇಶದಲ್ಲಿ 2000 ಸಿ.ಸಿ. ಮತ್ತು ಅದಕ್ಕೂ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ಸರ್ವೋಚ್ಚ ನ್ಯಾಯಾಲಯ 2015ರ ಡಿಸೆಂಬರಿನಿಂದ ತಡೆಹಿಡಿದಿತ್ತು. ಹಸಿರು ತೆರಿಗೆಯ ಷರತ್ತಿನೊಂದಿಗೆ ಆ ತಡೆ 2016ರ ಆಗಸ್ಟಿನಲ್ಲಿ ತೆರವಾಯಿತು. ಅದೇ ತಿಂಗಳು ಕ್ರಿಸ್ಟಾದ ಪೆಟ್ರೋಲ್ ಮಾದರಿಯೂ ಬಂದಿತು. ದೆಹಲಿಯ ಹೊಗೆಯ ಬಗೆಗಿನ ಒಂದು ಆದೇಶ ಬಿಡದಿಯ ಕಾರ್ಖಾನೆಯ ಪಟ್ಟಿಯನ್ನು ಬದಲಿಸಿದುದು ಹೀಗೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ದೇಶ ನಾಲ್ಕನೆಯ ಹಂತದಿಂದ ಐದನೆಯದನ್ನು ಬಿಟ್ಟು ನೇರವಾಗಿ ಆರಕ್ಕೆ ಜಿಗಿಯಿತು. ಡೀಸೆಲ್ ಎಂಜಿನ್ನಿಗೆ ಮಸಿ ತಡೆಯುವ ಸೋಸುಕ, ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ಸಾಧನಗಳು ಬೇಕಾದವು, ಖರ್ಚು ಏರಿತು. ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಬಿಡದಿಯಲ್ಲಿ ಇಟಿಯೋಸ್, ಲಿವಾ, ಕೊರೋಲಾ ಆಲ್ಟಿಸ್‌ಗಳ ಯುಗ ಮುಗಿಯಿತು. ಇಟಿಯೋಸ್ 2010ರ ಕೊನೆಯಲ್ಲಿ ಭಾರತಕ್ಕೆಂದೇ ರೂಪಿಸಿ ತಂದ ಗಾಡಿ. ಹಳದಿ ಬೋರ್ಡಿನವರ ಮೆಚ್ಚಿನದು.

ಇದಾದ ಮೇಲೆ ಇನ್ನೋವಾದಲ್ಲಿಯೂ ಡೀಸೆಲ್ ಹೋಗುತ್ತದೆಂಬ ಮಾತು ದಟ್ಟವಾಯಿತು. 2022ರ ಆಗಸ್ಟಿನಲ್ಲಿ ಕ್ರಿಸ್ಟಾ ಡೀಸೆಲ್‌ನ ಬುಕಿಂಗ್ ನಿಂತಾಗ ಊಹೆ ನಿಜವಾಯಿತೆಂದೇ ಎಲ್ಲರೂ ತಿಳಿದರು. ನವೆಂಬರ್ 25ರಂದು ಮುಂಬೈಯಲ್ಲಿ ಇನ್ನೋವಾ ಹೈಕ್ರಾಸ್ ಅನಾವರಣಗೊಂಡಿತು. ಅದರಲ್ಲಿ ಡೀಸೆಲ್ ಇರಲೇ ಇಲ್ಲ. ಪೆಟ್ರೋಲ್, ಇಲ್ಲವೇ ಪೆಟ್ರೋಲಿನೊಂದಿಗೆ ವಿದ್ಯುತ್ ಮೋಟಾರು ಕೂಡಿದ ಹೈಬ್ರಿಡ್. ನಾಲ್ಕು ದಿನಗಳ ಬಳಿಕ, ನವೆಂಬರ್ 29ರಂದು, ವಿಕ್ರಮ್ ಕಿರ್ಲೋಸ್ಕರ್ ಅವರು ತೀರಿಕೊಂಡರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟ ಮನೆತನದ ಈ ಕುಡಿ ಸಾರ್ವಜನಿಕವಾಗಿ ಕಾಣಿಸಿಕೊಂಡ ಕೊನೆಯ ಸಂದರ್ಭಗಳಲ್ಲಿ ಆ ಅನಾವರಣವೂ ಒಂದು.

ಆದರೆ 2023ರ ಜನವರಿಯಲ್ಲಿ ಕ್ರಿಸ್ಟಾ ಡೀಸೆಲ್‌ನ ಬುಕಿಂಗ್ ಮರಳಿ ತೆರೆಯಿತು. 2.4 ಲೀಟರಿನ ಒಂದೇ ಎಂಜಿನ್, ಕೈಗೇರು ಮಾತ್ರ. ಡೀಸೆಲ್ ಹೋಯಿತೆಂದು ಅವಸರದಲ್ಲಿ ಬೇರೆ ಗಾಡಿ ಕೊಂಡವರು ಕೈಕೈ ಹಿಸುಕಿಕೊಂಡರು, ಕಾದವರು ಗೆದ್ದರು. 2005ರಲ್ಲಿ ಕ್ವಾಲಿಸ್ ಮರಳುತ್ತದೆಂದು ಕಾದಿದ್ದರೆ ಮಾತ್ರ ಸೋಲುತ್ತಿದ್ದರು. ಹಾಗಾದರೆ ಕಾಯುವಿಕೆಗೆ ನಿಯಮವೇ ಇಲ್ಲವೇ? ಇದೆ. ಕಂಪನಿಯ ಮನಸ್ಸನ್ನು ಊಹಿಸುವುದಕ್ಕಿಂತ ಕಾನೂನಿನ ದಿನಾಂಕವನ್ನು ನೋಡುವುದು ಹೆಚ್ಚು ಭದ್ರ. ಹೊಗೆಯ ನಿಯಮ, ಸುರಕ್ಷತೆಯ ನಿಯಮ, ತೆರಿಗೆ, ಇಂಧನದ ನೀತಿ ಈ ನಾಲ್ಕೂ ಮೊದಲೇ ಪ್ರಕಟವಾಗುತ್ತವೆ. 2025ರ ಆಗಸ್ಟಿನಲ್ಲಿ ತೆರಿಗೆ ಇಳಿಯುವ ಸೂಚನೆ ಸಿಕ್ಕ ಕೂಡಲೇ ಜನ ಖರೀದಿ ಮುಂದೂಡಿದರು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದು ಕೇವಲ ಗಾಳಿಮಾತನ್ನು ನಂಬಿದ ಕಾಯುವಿಕೆಯಾಗಿರಲಿಲ್ಲ.

ಗುಡ್ಡದ ರಸ್ತೆಗೆ ಯಾವುದು?

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸಣ್ಣ ವಿಜ್ಞಾನ ಪಾಠವಿದೆ. ಕ್ರಿಸ್ಟಾ ಗಾಡಿಗೆ ಏಣಿಯಂತಹ ಉಕ್ಕಿನ ಚೌಕಟ್ಟು. ಅದರ ಮೇಲೆ ಮೈ ಕೂರಿಸಿರುತ್ತಾರೆ. ಎಳೆಯುವ ಬಲ ಹಿಂದಿನ ಚಕ್ರಗಳಿಗೆ. ಹೈಕ್ರಾಸ್‌ನಲ್ಲಿ ಚೌಕಟ್ಟೂ ಮೈಯೂ ಒಂದೇ. ಬಲ ಮುಂದಿನ ಚಕ್ರಗಳಿಗೆ. ತುಂಬಿದ ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಆಗ ನೆಲದ ಹಿಡಿತ ಹೆಚ್ಚುತ್ತದೆ, ಮುಂದಿನ ಚಕ್ರದ ಗಾಡಿಗೆ ಕಡಿಮೆಯಾಗುತ್ತದೆ. ಕೆಸರಿನ ಏರಿನಲ್ಲಿ ಚಾಲಕರು ಹಳೆಯ ಬಗೆಯ ಗಾಡಿಯನ್ನೇ ಬಯಸುವುದು ಬರಿಯ ಹಠವಲ್ಲ.

ಇಳಿಜಾರಿನಲ್ಲಿ ಲೆಕ್ಕ ತಿರುಗುತ್ತದೆ. ಸಾಮಾನ್ಯ ಗಾಡಿಯ ಬ್ರೇಕು ಚಲನೆಯ ಶಕ್ತಿಯನ್ನೆಲ್ಲ ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಮೋಟಾರು ಆಗ ಡೈನಮೋದಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಆ ವಿದ್ಯುತ್ತು ಮುಂದಿನ ಏರಿಗೆ, ಪೇಟೆಯ ದಟ್ಟಣೆಗೆ ಉಪಯೋಗವಾಗುತ್ತದೆ. ಹೈಕ್ರಾಸ್ ಹೈಬ್ರಿಡ್ ಲೀಟರಿಗೆ 23.24 ಕಿಲೋಮೀಟರ್ ಓಡುತ್ತದೆಂದು ಪರೀಕ್ಷೆಯ ಅಂಕಿ ಹೇಳುತ್ತದೆ. ರಸ್ತೆಯ ಮೇಲೆ ಅಷ್ಟು ಸಿಗಲಿಕ್ಕಿಲ್ಲ. ಆದರೂ ಅಷ್ಟು ದೊಡ್ಡ ಗಾಡಿಗೆ ಅದು ಸಣ್ಣ ಸಾಧನೆಯಲ್ಲ.

ಪೂರ್ತಿ ವಿದ್ಯುತ್ ಗಾಡಿಯ ಮಾತೂ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ 2001ರಲ್ಲಿಯೇ ರಸ್ತೆಗಿಳಿದು ಲಂಡನ್ನಿನ ಬೀದಿಗಳಲ್ಲೂ ಓಡಿತು. ಅದರ ಮುಂದಿನ ಮಾದರಿಯನ್ನು 2009ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ತೋರಿಸಿದರು. ಮರುವರ್ಷ ಕಂಪನಿ ಮಹೀಂದ್ರದ ಪಾಲಾಯಿತು. ಗಾಡಿ ಇ2ಒ ಎಂಬ ಹೆಸರಿನಲ್ಲಿ ಬಂದದ್ದು 2013ರಲ್ಲಿ. 2019ರಲ್ಲಿ ಅದರ ಕೊನೆಯ ರೂಪವೂ ನಿಂತಿತು. ಮುಂದೆ ಬರುವುದನ್ನು ಮೊದಲೇ ಕಂಡವರಿಗೆ ಮಾರುಕಟ್ಟೆ ಕಾಯುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇಂಧನವಾಗಿ ಬರುವ ಕಬ್ಬು

ಈಗ ಈ ಮಾತು ಘಟಪ್ರಭೆಯ ದಡಕ್ಕೆ ಬಂದು ನಿಲ್ಲುತ್ತದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡಾ 20ರಷ್ಟು ಇಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿಯವರು ಚಾಲನೆ ನೀಡಿದರು. 2025ರ ಹೊತ್ತಿಗೆ ದೇಶದ ಪೆಟ್ರೋಲ್ ಆ ಮಟ್ಟವನ್ನು ಮುಟ್ಟಿತು. ಅದೇ 2023ರ ಆಗಸ್ಟ್ 29ರಂದು ದೆಹಲಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಇನ್ನೋವಾ ಹೈಕ್ರಾಸ್‌ನ ಒಂದು ಪ್ರಾಯೋಗಿಕ ಮಾದರಿಯನ್ನು ಅನಾವರಣ ಮಾಡಿದರು. ಅದು ಶೇಕಡಾ 85ರವರೆಗೆ ಇಥೆನಾಲ್ ಬೆರೆತ ಇಂಧನದಲ್ಲಿಯೂ ಓಡಬಲ್ಲ ಹೈಬ್ರಿಡ್ ಗಾಡಿ. ಅಭಿಮಾನಿಗಳ ಕಾಯುವ ಪಟ್ಟಿಗೆ ಹೊಸದೊಂದು ಹೆಸರು ಸೇರಿತು. ಅವರಿಗೆ ಅದು ಎಂಜಿನ್ನಿನ ಸುದ್ದಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತನಿಗೆ ಅದು ಕಬ್ಬಿನ ಸುದ್ದಿ.

ಲೆಕ್ಕ ಹಾಕಿ ನೋಡಬಹುದು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಇಥೆನಾಲ್ ಮಾರ್ಗಸೂಚಿಯ ಪ್ರಕಾರ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಇಥೆನಾಲ್ ದೊರೆಯಬಹುದು. ಕಬ್ಬಿನಿಂದ ಬರುವ ಒಂದು ಲೀಟರ್ ಇಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು. ಒಂದು ಗಾಡಿ ತಿಂಗಳಿಗೆ 1,000 ಕಿಲೋಮೀಟರ್ ಓಡಿ, ಲೀಟರಿಗೆ 20 ಕಿಲೋಮೀಟರ್ ಕೊಟ್ಟರೆ 50 ಲೀಟರ್ ಇಂಧನ. ಶೇಕಡಾ 20ರ ಮಿಶ್ರಣದಲ್ಲಿ ಇಥೆನಾಲಿನ ಪಾಲು 10 ಲೀಟರ್. ಅದರ ಹಿಂದಿನ ನೀರು 28,600 ಲೀಟರ್. ಇಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರ. ಆದ್ದರಿಂದ ಶೇಕಡಾ 85ರ ಮಿಶ್ರಣದಲ್ಲಿ ಅದೇ ಗಾಡಿ ಸುಮಾರು 14 ಕಿಲೋಮೀಟರ್ ಕೊಟ್ಟೀತು. ತಿಂಗಳಿಗೆ 70 ಲೀಟರ್ ಇಂಧನ, ಅದರಲ್ಲಿ 60 ಲೀಟರ್ ಇಥೆನಾಲ್. ಅಷ್ಟೂ ಕಬ್ಬಿನಿಂದಲೇ ಬಂದರೆ ನೀರು ಸುಮಾರು 1.7 ಲಕ್ಷ ಲೀಟರ್. ಗಾಡಿಯ ಹೊಗೆಕೊಳವೆ ಶುಚಿಯಾಗಿರಬಹುದು. ನೀರಿನ ಖಾತೆ ಬೇರೆಯೇ ಇದೆ.

ಈ ಲೆಕ್ಕಕ್ಕೆ ತಿದ್ದುಪಡಿಗಳೂ ಇವೆ. ಎಲ್ಲ ಇಥೆನಾಲೂ ಕಬ್ಬಿನದಲ್ಲ. ಮೆಕ್ಕೆಜೋಳ, ನುಚ್ಚಕ್ಕಿಗಳಿಂದಲೂ ಬಹುಪಾಲು ಬರತೊಡಗಿದೆ. ಕಾಕಂಬಿಯಿಂದ ತೆಗೆದರೆ ಆ ನೀರಿನ ಬಹುಭಾಗವನ್ನು ಸಕ್ಕರೆಯ ಖಾತೆಗೇ ಬರೆಯಬೇಕಾಗುತ್ತದೆ. ಹನಿ ನೀರಾವರಿಯಲ್ಲಿ ಬೆಳೆದ ಕಬ್ಬಿನ ಲೆಕ್ಕವೂ ಬೇರೆ. ವಿದೇಶದಿಂದ ತರುವ ಕಚ್ಚಾತೈಲ ಉಳಿಯುತ್ತದೆ ಎಂಬುದೂ ನಿಜ. ಇವನ್ನೆಲ್ಲ ಬದಿಗಿಟ್ಟು ಒಂದೇ ಅಂಕಿಯನ್ನು ಹಿಡಿದು ಕೂಗುವುದು ಸಲ್ಲದು. ಆದರೆ ಗಾಡಿಯ ಜಾಹೀರಾತಿನಲ್ಲಿ ಕಾಣದ ಅಂಕಿ ಇದೆಂಬುದನ್ನು ಮರೆಯುವುದೂ ಸಲ್ಲದು.

ಒಡ್ಡಿನ ಊರಿನ ಎರಡು ದನಿಗಳು

ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ತುಂಬಿ ಧುಪದಾಳಕ್ಕೆ ಬರುತ್ತದೆ. ಹಿಡಕಲ್ಲಿನ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಧುಪದಾಳದ ಒಡ್ಡು ಅದಕ್ಕಿಂತ ಬಹಳ ಹಳೆಯದು. 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಅದರಿಂದ ಹೊರಟ ಎಡದಂಡೆ ಕಾಲುವೆಯ ಮೇಲೆ ಸಾವಿರಾರು ಕುಟುಂಬಗಳ ಬದುಕು ನಿಂತಿದೆ. ಇದೇ ನೀರು ಮುಂದೆ ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ.

ಈ ನೀರಿನ ಮೇಲೆ ಎರಡು ದನಿಗಳಿವೆ. ಒಂದು, ಕಬ್ಬು ಬೆಳೆಗಾರನದು. 2025ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ಹಗಲಿರುಳು ಕುಳಿತರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಎಂದು ತೀರ್ಮಾನಿಸಿತು. ಆ ಮಾತುಕತೆಯಲ್ಲಿ ಇಥೆನಾಲಿನ ಹೆಸರು ಮತ್ತೆ ಮತ್ತೆ ಬಂದಿತು. ರಾಜ್ಯದಿಂದ ತೈಲ ಕಂಪನಿಗಳು ಹೆಚ್ಚು ಇಥೆನಾಲ್ ಕೊಂಡರೆ ಕಾರ್ಖಾನೆಗಳು ಹೆಚ್ಚು ದರ ಕೊಡಬಲ್ಲವೆಂಬ ವಾದ ಕೇಳಿಬಂದಿತು. ಈ ರೈತನಿಗೆ ಇಥೆನಾಲ್ ಗಾಡಿ ಒಂದು ಭರವಸೆ. ಅವನ ಮಗ ಆ ಗಾಡಿಯ ಚಿತ್ರ ನೋಡಿ ಕಾಯುತ್ತಿದ್ದರೆ ಅದು ಹುಚ್ಚಲ್ಲ.

ಎರಡನೆಯ ದನಿ ಕಾಲುವೆಯ ಕೊನೆಯ ರೈತನದು. ಮೇಲಿನವರು ವರ್ಷವಿಡೀ ಕಬ್ಬಿಗೆ ನೀರು ಕಟ್ಟಿದರೆ ಅವನ ಜೋಳಕ್ಕೂ ಕಡಲೆಗೂ ಸರದಿ ಬರುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವಾದವು. ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಸಕ್ಕರೆಯ ಕೊರತೆಯ ಭಯದಿಂದ ಕಬ್ಬಿನ ಹಾಲಿನಿಂದ ಇಥೆನಾಲ್ ತೆಗೆಯುವುದನ್ನು ನಿರ್ಬಂಧಿಸಿತು. 2024ರ ಆಗಸ್ಟಿನಲ್ಲಷ್ಟೇ ನಿರ್ಬಂಧ ಸಡಿಲಿತು. ಮಳೆಯನ್ನು ನಂಬಿದ ಇಂಧನಕ್ಕೆ ಬರಗಾಲವೂ ಉಂಟು ಎಂಬುದನ್ನು ಆ ಒಂದು ವರ್ಷ ತೋರಿಸಿತು. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದುದನ್ನು ಮರೆತವರಿಲ್ಲ. ನದಿಯ ನಡತೆ ಹೀಗೆ ಏರುಪೇರಾಗುತ್ತಿರುವಾಗ ಅದರ ಮೇಲೆ ದೇಶದ ಗಾಡಿಗಳ ಭಾರವನ್ನೂ ಹೊರಿಸುವ ಮುನ್ನ ಎರಡೂ ದನಿಗಳನ್ನು ಒಂದೇ ಸಭೆಯಲ್ಲಿ ಕೂರಿಸಿ ಕೇಳಬೇಕಾಗುತ್ತದೆ.

ಮೂರನೆಯವರೂ ಒಬ್ಬರಿದ್ದಾರೆ: ಹಳೆಯ ಗಾಡಿಯವರು. ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇಕಡಾ 20ರ ಪೆಟ್ರೋಲ್ ಹಾಕಿದರೆ ಮೈಲೇಜು ಶೇಕಡಾ 6ರಿಂದ 7ರಷ್ಟು ಕುಗ್ಗಬಹುದೆಂದು ಅದೇ ಮಾರ್ಗಸೂಚಿ ಹೇಳಿದೆ. ಹೊಸದಾಗಿ ಹೊಂದಿಸಿದ ಗಾಡಿಗಳಲ್ಲಿ ನಷ್ಟ ಶೇಕಡಾ 1ರಿಂದ 2. ಹಾಗಾಗಿ ನೀತಿಯ ಲಾಭ ಹೊಸ ಗಾಡಿಯವನಿಗೆ, ಭಾರ ಹಳೆಯ ಓಮ್ನಿಯವನಿಗೆ. ಹೊಸ ಮಾದರಿಗಳ ಸುದ್ದಿಯಲ್ಲಿ ಈತನಿಗೆ ಒಂದು ಸಾಲೂ ಇರುವುದಿಲ್ಲ.

ಕಾಯುವ ಜಾಣತನ

ಟೊಯೋಟಾ ಕಿರ್ಲೋಸ್ಕರ್ ಹುಟ್ಟಿದ 1997ರಲ್ಲಿಯೇ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಹುಟ್ಟಿತು. ಗುಡ್ಡದೂರಿನ ಬಹುಪಾಲು ಜನರ ಗಾಡಿ ಇಂದಿಗೂ ಅದರ ಕೆಂಪು ಬಸ್ಸು, ಇಲ್ಲವೇ ಕ್ರೂಸರ್, ಟಂಟಂ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ತಾಯಂದಿರ ಸಂಖ್ಯೆ ಹೆಚ್ಚಿತು. ಬಸ್ಸು ಸಾಲದ ಊರುಗಳಲ್ಲಿ ವಿದ್ಯಾರ್ಥಿಗಳು ಬಾಗಿಲಲ್ಲಿ ಜೋತುಬಿದ್ದರು. ಘಟಕಕ್ಕೆ ಹೊಸ ಬಸ್ಸು ಎಷ್ಟು ಬಂದವು, ಯಾವ ಮಾರ್ಗಕ್ಕೆ ಹೋದವು, ಯಾವ ಹಳೆಯ ವೇಳೆ ನಿಂತಿತು ಎಂಬುದೂ ‘ಮುಂಬರುವ ಮಾದರಿಗಳ ಪಟ್ಟಿ’ಯೇ ಅಲ್ಲವೇ? ಇನ್ನೋವಾದ ಹೊಸ ದೀಪದ ಆಕಾರವನ್ನು ಆರು ತಿಂಗಳ ಮೊದಲೇ ಪತ್ತೆಹಚ್ಚುವ ಜಾಣತನಕ್ಕೆ ಈ ಪಟ್ಟಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ.

ಆದ್ದರಿಂದ ಗಾಡಿಯ ಪ್ರೀತಿಯುಳ್ಳ ತರುಣರಲ್ಲಿ ಬಿನ್ನಹವಿಷ್ಟೆ. ಈ ಪ್ರೀತಿಯನ್ನು ಬಿಡಬೇಕಾಗಿಲ್ಲ. ಗಾಡಿಯನ್ನು ಬಲ್ಲವನು ಶಕ್ತಿಯ ಲೆಕ್ಕವನ್ನು ಬಲ್ಲ. ಶಕ್ತಿಯ ಲೆಕ್ಕ ಬಲ್ಲವನಿಗೆ ನೀರಿನ ಲೆಕ್ಕ ದೂರವಲ್ಲ. ಯಾರಾದರೂ ಹಿರಿಯರು ‘ಈಗ ತಗೊಳ್ಳಲೋ, ಕಾಯಲೋ?’ ಎಂದು ಕೇಳಿದಾಗ ಉತ್ತರ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ತಿರುಗಿ ಕೇಳಿರಿ:

— ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುವುದು, ಎಷ್ಟು ದಿನ ಮನೆಯ ಮುಂದೆ ನಿಂತಿರುವುದು?

— ಈ ಮಾದರಿಗೆ ಎದುರಾಗಲಿರುವ ಕಾನೂನಿನ ದಿನಾಂಕ ಯಾವುದಾದರೂ ಇದೆಯೇ?

— ಹತ್ತಿರದ ಗ್ಯಾರೇಜಿನಲ್ಲಿ ಇದನ್ನು ಬಿಚ್ಚಿ ಜೋಡಿಸಬಲ್ಲವರು ಇದ್ದಾರೆಯೇ? ಬಿಡಿಭಾಗ ಗೋಕಾಕದಲ್ಲಿ ಸಿಗುತ್ತದೆಯೇ, ಬೆಳಗಾವಿಗೆ ಹೋಗಬೇಕೇ?

— ಯಾವ ಇಂಧನಕ್ಕೆ ಇದನ್ನು ಹೊಂದಿಸಿದ್ದಾರೆ? ಆ ಇಂಧನ ಎಲ್ಲಿಂದ ಬರುತ್ತದೆ?

— ಇರುವ ಗಾಡಿಯನ್ನೇ ಸರಿಮಾಡಿಸಿ ಇನ್ನೆರಡು ವರ್ಷ ಓಡಿಸಿದರೆ ಕಂತಿನ ಹಣದಿಂದ ಹೊಲಕ್ಕೆ ಹನಿ ನೀರಾವರಿ ಆದೀತೇ?

ಕೊನೆಯ ಪ್ರಶ್ನೆಗೆ ಎಲ್ಲ ಮನೆಗಳಲ್ಲಿಯೂ ಒಂದೇ ಉತ್ತರ ಬರಲಾರದು. ಆಸ್ಪತ್ರೆ ದೂರವಿರುವ ಗುಡ್ಡದ ಊರಿಗೆ ಒಂದು ಗಾಡಿ ಜೀವ ಉಳಿಸುವ ಸಾಧನ. ಬಾಡಿಗೆ ಓಡಿಸುವವನಿಗೆ ಅದು ದುಡಿಮೆಯ ಎತ್ತು. ಗಾಡಿ ಬೇಡವೆಂದು ಹೇಳುವ ಹಕ್ಕು ಗಾಡಿ ಇದ್ದವರಿಗಂತೂ ಇಲ್ಲ. ಯಾವ ಗಾಡಿ, ಎಷ್ಟು ಗಾಡಿ, ಯಾರ ನೀರಿನಿಂದ ಓಡುವ ಗಾಡಿ ಎಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಕಬ್ಬಿಣದ ನೇಗಿಲು ಬಂದಾಗ ಈ ಸೀಮೆಯ ರೈತ ನೆಲವನ್ನು ಮೊದಲು ನೆನೆದ, ಪರೀಕ್ಷಿಸಿದ, ಒಳ್ಳೆಯದೆಂದು ಖಾತ್ರಿಯಾದ ಮೇಲೆ ಒಪ್ಪಿಕೊಂಡ. ಒಪ್ಪಿದ ಮೇಲೆ ಅದು ಮನೆಮನೆಯ ನೇಗಿಲಾಯಿತು. ಬರಲಿರುವ ಇಥೆನಾಲ್ ಗಾಡಿಗೂ ಅದೇ ಪರೀಕ್ಷೆ ನಡೆಯಲಿ. ಪರೀಕ್ಷೆಯ ಜಾಗ ಶೋರೂಮು ಒಂದೇ ಅಲ್ಲ; ಕಾಲುವೆಯ ಕೊನೆಯ ತೂಬೂ ಹೌದು. ಬೇಸಿಗೆಯ ಏಪ್ರಿಲ್ ತಿಂಗಳಲ್ಲಿ ಆ ತೂಬಿನವರೆಗೆ ನೀರು ಎಷ್ಟು ದಿನಕ್ಕೊಮ್ಮೆ ಮುಟ್ಟುತ್ತದೆ ಎಂಬುದನ್ನು ಇಲ್ಲಿನ ಶಾಲೆ–ಕಾಲೇಜುಗಳ ವಿದ್ಯಾರ್ಥಿಗಳು ವರ್ಷವರ್ಷ ಬರೆದಿಡಲಿ. ಗಾಡಿಗಳ ಪಟ್ಟಿ ಇಡುವ ನೋಟುಪುಸ್ತಕದ ಇನ್ನೊಂದು ಬದಿಯ ಹಾಳೆಗಳು ಅದಕ್ಕೆ ಸಾಕು. ಹತ್ತು ವರ್ಷಗಳ ಬಳಿಕ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಯಾವ ತಜ್ಞರ ಸಮಿತಿಯೂ ಹೇಳಲಾರದ ಸಂಗತಿ ಈ ಊರಿಗೆ ತಿಳಿದಿರುತ್ತದೆ.